ಪುಟದ ಯಜಮಾನಿಕೆ

ಜಗತ್ತಿನ ಮೊದಲ ವೆಬ್ ಪುಟ ಈಗಲೂ ನೋಡಸಿಗುತ್ತದೆ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿ 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಆ ಪುಟವನ್ನು ಸರ್ನ್ 2013ರಲ್ಲಿ ಅದರ ಹಳೆಯ ವಿಳಾಸದಲ್ಲೇ ಮತ್ತೆ ಕೂರಿಸಿತು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ನೀಲಿ ಕೊಂಡಿಗಳು. ಚಿತ್ರವಿಲ್ಲ, ಅಂಕಣವಿಲ್ಲ. ಕಂಪ್ಯೂಟರಿನಲ್ಲಿ ಬ್ರೌಸರ್ ಕಿಟಕಿಯನ್ನು ಕಿರಿದು ಮಾಡಿದರೆ ಸಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ, ಹಿರಿದು ಮಾಡಿದರೆ ಹರಡಿಕೊಳ್ಳುತ್ತವೆ. ಇಷ್ಟು ಹೊಂದಿಕೊಳ್ಳುವ ಪುಟ ಫೋನಿನಲ್ಲೂ ಚೆಂದ ಕಾಣಬೇಕಲ್ಲ? ಕಾಣುವುದಿಲ್ಲ. 2007ರಲ್ಲಿ ಐಫೋನ್ ಬಂದಾಗ ಅದರ ಸಫಾರಿ ಬ್ರೌಸರ್, ಪುಟ ಬೇರೇನನ್ನೂ ಹೇಳದಿದ್ದರೆ ಅದರ ಅಗಲ 980 ಪಿಕ್ಸೆಲ್ ಎಂದು ತಾನೇ ಭಾವಿಸಿಕೊಂಡು, ಆ ಅಗಲವನ್ನು ಅಂಗೈಯಷ್ಟು ಪರದೆಗೆ ಕುಗ್ಗಿಸಿ ತೋರಿಸುವ ಕ್ರಮ ಇಟ್ಟುಕೊಂಡಿತು. ಆ ಹೊತ್ತಿಗೆ ಲೋಕದ ಅನೇಕ ವಿನ್ಯಾಸಕಾರರು 960 ಪಿಕ್ಸೆಲ್ ಆಸುಪಾಸಿನ ನಿಗದಿ ಅಗಲಕ್ಕೆ ಪುಟ ಕಟ್ಟಿ ಕೂತಿದ್ದರು. ಅವುಗಳನ್ನು ತೋರಿಸಲು ಆ್ಯಪಲ್‌ಗೆ ಬೇರೆ ದಾರಿ ಇರಲಿಲ್ಲ. ಹೀಗಾಗಿ ಹುಟ್ಟಿನಿಂದಲೇ ಯಾವ ಪರದೆಗೂ ಒಗ್ಗುವಂತಿದ್ದ ಪುಟ ಫೋನಿನಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದ ಸ್ಥಿತಿಗೆ ಬಂತು. ನಂತರದವರು ಮಾಡಿದ ತಪ್ಪಿಗೆ ಮೊದಲ ಪುಟ ದಂಡ ಕಟ್ಟುತ್ತಿದೆ.

ವೆಬ್ ವಿನ್ಯಾಸದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ತಂತ್ರಜ್ಞಾನದ ಮೆರವಣಿಗೆಯಾಗಿ ಹೇಳುತ್ತಾರೆ. ಟೇಬಲ್ ಬಂತು, ಫ್ಲ್ಯಾಶ್ ಬಂತು, ಸಿಎಸ್‌ಎಸ್ ಬಂತು, ಫೋನ್ ಬಂತು, ಪ್ರತಿ ಸಲವೂ ವಿನ್ಯಾಸ ಒಂದು ಮೆಟ್ಟಿಲು ಮೇಲೇರಿತು ಎಂಬ ಧಾಟಿ. ನನಗೆ ಆ ಕಥೆ ಒಪ್ಪಿಗೆಯಿಲ್ಲ. ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಡೆದದ್ದು ಪುಟದ ಮೇಲಿನ ಹಿಡಿತಕ್ಕಾಗಿ ಜಗ್ಗಾಟ. ಒಂದು ತುದಿಯಲ್ಲಿ ಪುಟ ಕಟ್ಟುವವನು, ಇನ್ನೊಂದು ತುದಿಯಲ್ಲಿ ಓದುವವನು, ನಡುವೆ ಬ್ರೌಸರ್ ಮಾಡುವ ಕಂಪನಿ. ಹೊಸ ತಂತ್ರ ಬಂದಾಗಲೆಲ್ಲ ಹಗ್ಗ ಒಂದಿಷ್ಟು ಒಂದು ಕಡೆಗೆ ಸರಿಯುತ್ತದೆ. ಹೆಚ್ಚಿನ ಸಲ ಅದು ಓದುಗನಿಂದ ದೂರಕ್ಕೇ ಸರಿದಿದೆ. ಇದನ್ನು ಗುರುತಿಸಿ ತಡೆಯಲು ಹೊರಟದ್ದು ಒಂದೇ ಒಂದು ಪಂಥ, ವೆಬ್ ಸ್ಟ್ಯಾಂಡರ್ಡ್ಸ್ ಚಳವಳಿ. ಅದರ ಗೆಲುವು ದೊಡ್ಡದು. ಅದರ ಕುರುಡು ಜಾಗಗಳೂ ಸಣ್ಣವಲ್ಲ, ಅವುಗಳಲ್ಲೊಂದರೊಳಗೆ ನಮ್ಮ ಕನ್ನಡವೂ ಇತ್ತು.

ಪಂಥ ಹುಟ್ಟಲು ಕಾರಣವಾದ ಪರಿಸ್ಥಿತಿಯನ್ನು ಮೊದಲು ನೋಡಬೇಕು. ಬರ್ನರ್ಸ್-ಲೀಯ ಎಚ್‌ಟಿಎಂಎಲ್ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದಷ್ಟೇ ಹೇಳುತ್ತಿತ್ತು. ಯಾವ ಫಾಂಟು, ಯಾವ ಗಾತ್ರ ಎಂಬುದು ಓದುವವನ ಬ್ರೌಸರಿಗೆ ಬಿಟ್ಟ ವಿಷಯ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಕಟ್ಟಿದ ಮೊಸಾಯಿಕ್ ಬ್ರೌಸರ್ ಬರಹದ ನಡುವೆಯೇ ಚಿತ್ರ ತೋರಿಸತೊಡಗಿತು. ಅಲ್ಲಿಂದ ವೆಬ್‌ಗೆ ಜನ ಮುಗಿಬಿದ್ದರು. ಮುಗಿಬಿದ್ದವರಲ್ಲಿ ಮುದ್ರಣದ ವಿನ್ಯಾಸಕಾರರೂ ಇದ್ದರು. ಅಂಗುಲದ ಲೆಕ್ಕದಲ್ಲಿ ಪುಟ ಕಟ್ಟಿ ಅಭ್ಯಾಸವಾದ ಅವರಿಗೆ, ಓದುಗ ಕಿಟಕಿ ಎಳೆದರೆ ಸಾಲು ಮುರಿಯುವ ಈ ಮಾಧ್ಯಮ ಅಪಮಾನದಂತೆ ಕಂಡಿತು. 1995ರ ನೆಟ್‌ಸ್ಕೇಪ್ ಅಂಕಿಅಂಶಗಳಿಗೆಂದು ಟೇಬಲ್ ಕೊಟ್ಟಿತು. ಇವರು ಅದರ ಗೆರೆಗಳನ್ನು ಅಳಿಸಿ ಪುಟದ ಅಸ್ಥಿಪಂಜರ ಮಾಡಿಕೊಂಡರು.

ಈ ಕಸುಬಿನ ಗುರು ಡೇವಿಡ್ ಸೀಗಲ್. 1996ರಲ್ಲಿ ಬಂದ ಅವರ ‘ಕ್ರಿಯೇಟಿಂಗ್ ಕಿಲ್ಲರ್ ವೆಬ್ ಸೈಟ್ಸ್’ ಪುಸ್ತಕ ಆ ಕಾಲದ ವಿನ್ಯಾಸಕಾರರ ಕೈಪಿಡಿಯಾಯಿತು. ಅದರ ಪ್ರಸಿದ್ಧ ತಂತ್ರವೆಂದರೆ ಒಂದು ಪಿಕ್ಸೆಲ್ ಉದ್ದ, ಒಂದು ಪಿಕ್ಸೆಲ್ ಅಗಲದ ಪಾರದರ್ಶಕ ಚಿತ್ರ. ಕಣ್ಣಿಗೆ ಕಾಣದು. ಅದನ್ನು ಬೇಕಾದ ಅಳತೆಗೆ ಎಳೆದರೆ ಎರಡು ಪದಗಳ ನಡುವೆ, ಎರಡು ಅಂಕಣಗಳ ನಡುವೆ ಮನಸ್ಸಿಗೆ ಬಂದಷ್ಟು ಜಾಗ ಸಿಗುತ್ತಿತ್ತು. ಟೇಬಲಿನೊಳಗೆ ಟೇಬಲ್, ಅದರೊಳಗೆ ಮತ್ತೊಂದು, ಸಂದುಗೊಂದಿಗಳಲ್ಲೆಲ್ಲ ಈ ಕಾಣದ ಚಿತ್ರಗಳು. ಮೇಲ್ನೋಟಕ್ಕೆ ಪುಟ ಪತ್ರಿಕೆಯ ಹಾಗೆ ಅಚ್ಚುಕಟ್ಟು. ಆದರೆ ಕಣ್ಣು ಕಾಣದವರ ಪರವಾಗಿ ಪುಟವನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್ ಅಲ್ಲಿ ದಾರಿ ತಪ್ಪಿ, ಎಡ ಅಂಕಣದ ಅರ್ಧ, ಬಲ ಅಂಕಣದ ಕಾಲು ಎಂದು ಒದರುತ್ತಿತ್ತು. ಸೀಗಲ್ ಪ್ರಾಮಾಣಿಕ ಮನುಷ್ಯ. ಮರುವರ್ಷವೇ, 1997ರಲ್ಲಿ, ವೆಬ್ ಹಾಳಾಗಿದೆ, ಹಾಳು ಮಾಡಿದವನು ನಾನೇ ಎಂಬರ್ಥದ ತಲೆಬರಹ ಕೊಟ್ಟು ಲೇಖನ ಬರೆದರು. ಈ ಕ್ಷೇತ್ರದಲ್ಲಿ ಇಂಥ ತಪ್ಪೊಪ್ಪಿಗೆ ಅಪರೂಪ.

ಇಷ್ಟೆಲ್ಲ ಅನಾಹುತ ನಡೆಯುವಾಗ ಮದ್ದು ಆಗಲೇ ತಯಾರಾಗುತ್ತಿತ್ತು. 1994ರ ಅಕ್ಟೋಬರಿನಲ್ಲಿ ಸರ್ನ್‌ನಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ ಶೈಲಿಯ ಸೂಚನೆಗಳನ್ನು ಬರಹದಿಂದ ಬೇರೆಯಾಗಿಡುವ ಒಂದು ಪ್ರಸ್ತಾವ ಮುಂದಿಟ್ಟರು. ಮುಂದೆ ಬರ್ಟ್ ಬಾಸ್ ಜತೆಗೂಡಿದ ಮೇಲೆ ಅದು 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್ ಎಂಬ ಮಾನಕವಾಯಿತು. ಆ ಮೊದಲ ಪ್ರಸ್ತಾವದಲ್ಲಿ ಒಂದು ವಿಚಿತ್ರವಿದೆ, ಅದನ್ನು ಈಗ ಯಾರೂ ನೆನೆಯುವುದಿಲ್ಲ. ಪ್ರತಿ ಸೂಚನೆಯ ಪಕ್ಕದಲ್ಲಿ ಒಂದು ಶೇಕಡಾ ಅಂಕಿ ಇರುತ್ತಿತ್ತು. ದೊಡ್ಡ ಶೀರ್ಷಿಕೆ 24 ಪಾಯಿಂಟ್ ಇರಲಿ, ಇದು ನನ್ನ 100 ಶೇಕಡಾ ಹಟ. ಉಪಶೀರ್ಷಿಕೆ 20 ಪಾಯಿಂಟ್ ಇರಲಿ, ಇದರಲ್ಲಿ ನನ್ನ ಪಟ್ಟು 40 ಶೇಕಡಾ ಮಾತ್ರ. ಉಳಿದ ಪಾಲು ಓದುಗನ ಇಷ್ಟಕ್ಕೆ. ಬರೆದವನ ಇಚ್ಛೆಯನ್ನೂ ಓದುಗನ ಇಚ್ಛೆಯನ್ನೂ ತೂಗಿ ನಡುಹಾದಿ ಕಂಡುಕೊಳ್ಳುವುದು ಬ್ರೌಸರಿನ ಕೆಲಸ. ಲೆಕ್ಕಕ್ಕೆ ತೊಡಕಾಗಿದ್ದರಿಂದ ಈ ಶೇಕಡಾ ಪದ್ಧತಿ ಉಳಿಯಲಿಲ್ಲ, ಅದು ಬೇರೆ ಮಾತು. ಆದರೆ ಪುಟ ಇಬ್ಬರ ನಡುವಿನ ಚೌಕಾಸಿ ಎಂಬ ತಿಳಿವು ಸಿಎಸ್‌ಎಸ್‌ನ ಬೇರಿನಲ್ಲೇ ಇತ್ತು. 1998ರ ಎರಡನೇ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಬ್ಬರೂ ಪಟ್ಟು ಹಿಡಿದರೆ ಕೊನೆಯ ಮಾತು ಓದುಗನದು ಎಂದು ನಿಯಮ ಮಾಡಿತು.

ಕಾಗದದ ಮೇಲೆ ಅಷ್ಟಾಯಿತು. ಬ್ರೌಸರುಗಳು ಕೇಳಬೇಕಲ್ಲ. ನೆಟ್‌ಸ್ಕೇಪ್ ಒಂದು ರೀತಿ, ಮೈಕ್ರೋಸಾಫ್ಟ್ ಇನ್ನೊಂದು ರೀತಿ. ಒಂದೇ ತಾಣವನ್ನು ಎರಡು ಸಲ ಕಟ್ಟುವ ಕೂಲಿ ವಿನ್ಯಾಸಕಾರರದು. 1998ರಲ್ಲಿ ಜೆಫ್ರಿ ಝೆಲ್ಡ್‌ಮನ್, ಗ್ಲೆನ್ ಡೇವಿಸ್, ಜಾರ್ಜ್ ಓಲ್ಸೆನ್ ಮುಂತಾದವರು ಸೇರಿ ‘ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್’ ಶುರು ಮಾಡಿದ್ದು ಈ ಸಿಟ್ಟಿನಿಂದ. ಹೆಚ್ಚಿನವರು ಹಗಲು ಗಿರಾಕಿಗಳ ಕೆಲಸ ಮಾಡಿ ರಾತ್ರಿ ಬ್ರೌಸರ್ ಕಂಪನಿಗಳಿಗೆ ತಕರಾರು ಬರೆಯುತ್ತಿದ್ದ ಜನ. ಇವರ ವೇದಿಕೆಯಾಗಿ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆ ನಿಂತಿತು. ಅದರಲ್ಲಿ 2000ದ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದ ಜಾನ್ ಆಲ್ಸಾಪ್ ಬರೆದ ‘ಎ ದಾವೋ ಆಫ್ ವೆಬ್ ಡಿಸೈನ್’ ಈ ಪಂಥದ ತತ್ವಗ್ರಂಥ ಎನ್ನಬಹುದು. ಮುದ್ರಣದವರು ಹೆಮ್ಮೆಯಿಂದ ಹೇಳುವ ಹಿಡಿತ ನಿಜವಾಗಿ ಕಾಗದದ ಮಿತಿ, ವೆಬ್‌ನ ಅಸ್ಥಿರತೆಯೇ ಅದರ ಶಕ್ತಿ, ಅದನ್ನು ಒಪ್ಪಿಕೊಂಡು ವಿನ್ಯಾಸ ಮಾಡಿ ಎಂಬುದು ಆಲ್ಸಾಪ್ ವಾದ. ವೆಬ್ ವಿನ್ಯಾಸದ ಬಗ್ಗೆ ಬಂದ ಬರಹಗಳಲ್ಲಿ ಇದಕ್ಕಿಂತ ದೂರ ಕಂಡದ್ದು ನನಗೆ ಗೊತ್ತಿಲ್ಲ. ಫೋನು, ಟ್ಯಾಬ್ಲೆಟ್ಟುಗಳಲ್ಲಿ ವೆಬ್ ಓದುವುದು ರೂಢಿಯಾಗುವ ಮುನ್ನ ಬರೆದದ್ದು ಅದು.

ಪಂಥದ ಸಾಧನೆಗೆ ಎರಡು ಉದಾಹರಣೆ ಸಾಕು. 2002ರ ಅಕ್ಟೋಬರಿನಲ್ಲಿ ಡಗ್ಲಸ್ ಬೌಮನ್ ‘ವೈರ್ಡ್’ ತಾಣವನ್ನು ಟೇಬಲಿಲ್ಲದೆ, ಸಿಎಸ್‌ಎಸ್ ಒಂದರಿಂದಲೇ ಕಟ್ಟಿ ತೋರಿಸಿದರು. ದೊಡ್ಡ ವಾಣಿಜ್ಯ ತಾಣಕ್ಕೂ ಇದು ಸಾಧ್ಯ ಎಂಬುದಕ್ಕೆ ಆಮೇಲೆ ಪುರಾವೆ ಕೇಳುವವರಿರಲಿಲ್ಲ. 2003ರ ಮೇ ತಿಂಗಳಲ್ಲಿ ಕೆನಡಾದ ಡೇವ್ ಶೇ ‘ಸಿಎಸ್‌ಎಸ್ ಝೆನ್ ಗಾರ್ಡನ್’ ತೆರೆದರು. ಒಂದೇ ಬರಹ, ಒಂದೇ ಎಚ್‌ಟಿಎಂಎಲ್. ಅದರ ಒಂದು ಅಕ್ಷರವನ್ನೂ ಮುಟ್ಟದೆ ಶೈಲಿಯ ಕಡತ ಮಾತ್ರ ಬದಲಿಸಿ ನೂರಾರು ಜನ ನೂರಾರು ರೂಪ ಕೊಟ್ಟರು. ಅರ್ಥ ಬೇರೆ, ಅಲಂಕಾರ ಬೇರೆ ಎಂಬ ಸಿದ್ಧಾಂತವನ್ನು ಇಷ್ಟು ಸಲೀಸಾಗಿ ಕಣ್ಣಿಗೆ ಕಟ್ಟಿಸಿದ್ದು ಇನ್ನೊಂದಿಲ್ಲ.

ಆದರೆ ಆ ತೋಟದ ಮಣ್ಣು ಕೆದಕಿ ನೋಡಿದರೆ ಬೇರೆಯದೇ ಕಾಣುತ್ತದೆ. ಅಲ್ಲಿನ ಸುಂದರ ಶೀರ್ಷಿಕೆಗಳಲ್ಲಿ ಹೆಚ್ಚಿನವು ಅಕ್ಷರಗಳಲ್ಲ, ಚಿತ್ರಗಳು. ಫೋಟೋಶಾಪಿನಲ್ಲಿ ಬರೆದ ಶೀರ್ಷಿಕೆಯನ್ನು ಹಿನ್ನೆಲೆಯಾಗಿ ಕೂರಿಸಿ, ನಿಜವಾದ ಅಕ್ಷರಗಳನ್ನು ಸಿಎಸ್‌ಎಸ್‌ನಿಂದ ಮರೆಮಾಡುವ ಜಾಣತನ. ಅಂದಿನ ಹಲವು ಸ್ಕ್ರೀನ್ ರೀಡರುಗಳು ಹೀಗೆ ಮರೆಮಾಡಿದ ಅಕ್ಷರಗಳನ್ನು ಓದುತ್ತಲೇ ಇರಲಿಲ್ಲ ಎಂದು, ಅಂಗವಿಕಲರಿಗೂ ತೆರೆದ ವೆಬ್ ಬಗ್ಗೆ ಬರೆಯುತ್ತಿದ್ದ ಜೋ ಕ್ಲಾರ್ಕ್ ಅದೇ ವರ್ಷ ಪರೀಕ್ಷಿಸಿ ಬರೆದರು. ಸೀಗಲ್‌ರ ಕಾಣದ ಚಿತ್ರ ಹಿಂಬಾಗಿಲಿನಿಂದ ಒಳಬಂದಿತ್ತು. ಹಿಡಿತದ ಆಸೆಯನ್ನು ಪಂಥ ಬೈದು ಹೊರಹಾಕಿತ್ತೇ ಹೊರತು ತನ್ನೊಳಗಿನಿಂದ ಕಿತ್ತಿರಲಿಲ್ಲ.

ಯಾವ ಪಂಥವೂ ಗೆಲ್ಲತೊಡಗಿದಾಗ ಮಡಿಗೆ ಬೀಳುತ್ತದೆ. ಇಲ್ಲಿನ ಮಡಿ ಎಚ್‌ಟಿಎಂಎಲ್‌ನ ಕಟ್ಟುನಿಟ್ಟಿನ ರೂಪವಾದ ಎಕ್ಸ್‌ಎಚ್‌ಟಿಎಂಎಲ್. ಪ್ರತಿ ಟ್ಯಾಗನ್ನೂ ಮುಚ್ಚಬೇಕು, ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಪುಟ ಅಶುದ್ಧ. ನಿಯಮ ಪರೀಕ್ಷಿಸುವ ವ್ಯಾಲಿಡೇಟರ್‌ನಿಂದ ಪಾಸಾದ ತಾಣಗಳು ಅಡಿಯಲ್ಲಿ ಶುದ್ಧಿಪತ್ರದಂತೆ ಒಂದು ಬ್ಯಾಡ್ಜ್ ತೂಗುಹಾಕಿಕೊಳ್ಳುತ್ತಿದ್ದವು. ಓದುಗನಿಗೆ ಅದರಿಂದ ಕವಡೆ ಕಾಸಿನ ಉಪಯೋಗವಿರಲಿಲ್ಲ. 2004ರಲ್ಲಿ ಆ್ಯಪಲ್, ಮೊಝಿಲ್ಲಾ, ಒಪೆರಾದವರು ಬೇರೆ ಗುಂಪು ಕಟ್ಟಿ, ಜನ ಬರೆಯುವ ಹರಕುಮುರುಕು ಎಚ್‌ಟಿಎಂಎಲ್ ಅನ್ನೇ ಆಧಾರವಾಗಿಟ್ಟುಕೊಂಡು ಮುಂದೆ ಹೋದರು. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್‌ನ ಎರಡನೇ ಆವೃತ್ತಿಯ ಕೆಲಸ ನಿಂತುಹೋಯಿತು. ಯಾರೂ ಅಳಲಿಲ್ಲ.

ಇನ್ನೊಂದು ದೋಷ ಇದಕ್ಕಿಂತ ಗಂಭೀರ. ಹವ್ಯಾಸಿಗಳನ್ನು ಪಂಥ ಕೀಳಾಗಿ ಕಂಡಿತು. ಯಾರು ಬೇಕಾದರೂ ಪುಟ ಕಟ್ಟಬಹುದಾಗಿದ್ದ ಜಿಯೋಸಿಟೀಸ್‌ನಲ್ಲಿ ಮಿನುಗುವ ನಕ್ಷತ್ರಗಳ ಹಿನ್ನೆಲೆ ಹಾಕಿ, ಓಡುವ ಅಕ್ಷರಗಳಲ್ಲಿ ಸ್ವಾಗತ ಬರೆದು, ತಮ್ಮ ಬೆಕ್ಕಿನ ಫೋಟೋ ಅಂಟಿಸಿದ ಲಕ್ಷಾಂತರ ಮಂದಿ ಪುಟ ಕಟ್ಟಲು ಕಲಿತದ್ದು ಪಕ್ಕದ ಪುಟದ ಮೂಲವನ್ನು ತೆರೆದು ನೋಡಿ, ನಕಲು ಮಾಡಿ. ಟೇಬಲ್ ವಿನ್ಯಾಸ ಎಷ್ಟೇ ಒರಟಾಗಿದ್ದರೂ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತಿತ್ತು. ಸಿಎಸ್‌ಎಸ್‌ನಲ್ಲಿ ಮೂರು ಅಂಕಣ ಪಕ್ಕಪಕ್ಕ ನಿಲ್ಲಿಸುವುದು ಆಗ ಒಂದು ವಿದ್ಯೆಯೇ ಆಗಿತ್ತು. ಅದಕ್ಕೆಂದೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ದೋಷಗಳ ಪಂಚಾಂಗ ಬಾಯಿಪಾಠ ಮಾಡಬೇಕಿತ್ತು. ಕಸುಬಿನ ಮಟ್ಟ ಏರಿತು, ನಿಜ. ಬಾಗಿಲೂ ಎತ್ತರವಾಯಿತು. 2009ರ ಅಕ್ಟೋಬರಿನಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚುವ ಹೊತ್ತಿಗೆ ಆ ಹವ್ಯಾಸಿಗಳು ಫೇಸ್‌ಬುಕ್ ಸೇರಿಯಾಗಿತ್ತು. ಅಲ್ಲಿ ಎಲ್ಲರ ಪುಟವೂ ಒಂದೇ ನೀಲಿ.

2001ರಲ್ಲಿ ಇದೇ ಪಂಥದ ಜನ ಬ್ರೌಸರ್ ಅಪ್‌ಗ್ರೇಡ್ ಅಭಿಯಾನ ನಡೆಸಿದರು. ಹಳೆಯ ಬ್ರೌಸರಿನಲ್ಲಿ ಬಂದವರಿಗೆ, ಹೊಸದನ್ನು ಹಾಕಿಕೊಂಡು ಬನ್ನಿ ಎಂದು ಹೇಳಿ ಕಳಿಸುವುದು ಅದರ ಒಂದು ದಾರಿ. ನ್ಯೂಯಾರ್ಕಿನಲ್ಲಿ ಕೂತವರಿಗೆ ಇದು ನ್ಯಾಯವಾಗಿಯೇ ತೋರಿರಬೇಕು. ಆ ವರ್ಷ ನಮ್ಮ ಊರುಗಳ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತ ಹುಡುಗನ ಕೈಯಲ್ಲಿ ಆ ಯಂತ್ರದ ಬ್ರೌಸರ್ ಬದಲಿಸುವ ಅಧಿಕಾರ ಇರಲಿಲ್ಲ. ಓದುಗನ ಪರ ನಿಂತ ಪಂಥ ಓದುಗ ಎಂದರೆ ಯಾರು ಎಂದು ಊಹಿಸಿಕೊಂಡಿತ್ತು ಎಂಬುದು ಇಲ್ಲಿ ಬಯಲಾಗುತ್ತದೆ.

ಕನ್ನಡದ ಮಾತಿಗೆ ಬರೋಣ. ಅರ್ಥವನ್ನು ರೂಪದಿಂದ ಬಿಡಿಸಿ ಎಂಬ ಘೋಷಣೆ ಇಂಗ್ಲಿಷಿನವರಿಗೆ ಶೀರ್ಷಿಕೆಯ ಟ್ಯಾಗು, ಫಾಂಟಿನ ಟ್ಯಾಗುಗಳ ವಿಷಯ. ಯಾವ ಅಲಂಕಾರ ಕಿತ್ತುಹಾಕಿದರೂ ಅವರ ಅಕ್ಷರ ಅಕ್ಷರವಾಗಿಯೇ ಉಳಿಯುತ್ತಿತ್ತು. ನಮಗೆ ಅಕ್ಷರವೇ ಅಲಂಕಾರವಾಗಿತ್ತು. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಪತ್ರಿಕೆ ವೆಬ್‌ಗೆ ಬಂದ ಕಾಲದಲ್ಲಿ ಬ್ರೌಸರುಗಳಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಬರಹವನ್ನು ಚಿತ್ರವಾಗಿ ಹಾಕುವುದು ಒಂದು ದಾರಿ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಬಳಸುವುದು ಇನ್ನೊಂದು ದಾರಿ. ಮುಂದೆ ಮನೆಮಾತಾದ ನುಡಿ ಫಾಂಟುಗಳಲ್ಲೂ ‘ಕ’ದ ಒಡಲು ಇಂಗ್ಲಿಷಿನ ಪಿ ಅಕ್ಷರದ ಜಾಗದಲ್ಲಿ, ಅದರ ತಲೆಕಟ್ಟು ಬೇರೊಂದು ಮನೆಯಲ್ಲಿ. ‘ಕನ್ನಡ’ ಎಂದು ಬರೆದ ಪುಟವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಪಿ, ಪೌಂಡ್ ಗುರುತು, ಜರ್ಮನ್ನರ ಎಸ್‌ಜೆಟ್, ಕ್ಯೂ, ನಡುನಡುವೆ ಮೂರು ಕಡೆ ತಲೆಯ ಮೇಲೆ ಗೀರು ಎಳೆದ ಎ. ಅಂದರೆ ರೂಪ ಕಳಚಿದೊಡನೆ ಕನ್ನಡವೇ ಕಳಚಿ ಬೀಳುತ್ತಿತ್ತು. ಹುಡುಕುಯಂತ್ರಕ್ಕೂ ಅದು ಕಸ, ಸ್ಕ್ರೀನ್ ರೀಡರಿಗೂ ಕಸ. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು, ಓದುವ ಮೊದಲು ಇಳಿಸಿಕೊಂಡು ಹಾಕಿಕೊಳ್ಳಿ ಎಂಬ ಸೂಚನೆ ಬೇರೆ. ಪುಟದ ಜತೆಗೇ ಫಾಂಟ್ ಹರಿದುಬರುವ ಡೈನಮಿಕ್ ಫಾಂಟ್ ಬಂದಾಗಲೂ ನೆಟ್‌ಸ್ಕೇಪಿಗೊಂದು, ಎಕ್ಸ್‌ಪ್ಲೋರರಿಗೊಂದು ಎಂದು ಎರಡೆರಡು ಕಡತ ಮಾಡಬೇಕಾಯಿತು. ಬ್ರೌಸರ್ ಯುದ್ಧದ ಕಂದಾಯವನ್ನು ಕನ್ನಡವೂ ಕಟ್ಟಿದೆ.

ನಮ್ಮ ಪಾಲಿಗೆ ಅರ್ಥ ಮತ್ತು ರೂಪವನ್ನು ಬೇರ್ಪಡಿಸಿದ್ದು ಸಿಎಸ್‌ಎಸ್ ಅಲ್ಲ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಜಾಗ ಇದ್ದರಾಯಿತೇ? 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದ ಮೇಲೆ ಸಾಮಾನ್ಯರ ಕಂಪ್ಯೂಟರಿನಲ್ಲಿ ಕನ್ನಡ ಕಂಡಿತು. 2012ರ ಹೊತ್ತಿಗೆ ಆ್ಯಂಡ್ರಾಯ್ಡ್‌ನಲ್ಲಿ ಕನ್ನಡ ನೆಲೆಯಾದ ಮೇಲೆ ಕೈಯಲ್ಲಿ ಕಂಡಿತು. ಸ್ಟ್ಯಾಂಡರ್ಡ್ಸ್ ಪಂಥದ ಬರಹಗಳಲ್ಲಿ ಯೂನಿಕೋಡಿಗೆ ಸಿಕ್ಕ ಜಾಗ ಕಡಿಮೆ. ಭೂಮಂಡಲದ ಅರ್ಧ ಜನರ ಲಿಪಿಗಳ ಮಟ್ಟಿಗೆ ಯಾವುದು ಮೂಲಭೂತ ಮಾನಕವೋ ಅದು ಅವರಿಗೆ ಅಡಿಟಿಪ್ಪಣಿ.

2010 ಒಂದು ಸಂಧಿಕಾಲ. ಏಪ್ರಿಲಿನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಐಫೋನಿನಲ್ಲಿ ಫ್ಲ್ಯಾಶ್‌ಗೆ ಜಾಗವಿಲ್ಲ ಎಂದರು. ಹತ್ತು ವರ್ಷ ಪುಟಗಳ ಮೇಲೆ ಕುಣಿದ ಫ್ಲ್ಯಾಶ್ ಅಲ್ಲಿಂದ ಇಳಿಮುಖವಾಗಿ 2020ರ ಡಿಸೆಂಬರ್ 31ಕ್ಕೆ ಅಡೋಬಿ ಕೈಯಿಂದಲೇ ಮುಗಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಟ, ಅನಿಮೇಷನ್‌ಗಳ ಮಟ್ಟಿಗೆ ಅದು ನಿಜಕ್ಕೂ ಸೃಜನಶೀಲವಾಗಿತ್ತು, ಓದುವ ಪುಟಕ್ಕೆ ಪೀಡೆಯಾಗಿತ್ತು. ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ‘ಎ ಲಿಸ್ಟ್ ಅಪಾರ್ಟ್’ನಲ್ಲಿ ರೆಸ್ಪಾನ್ಸಿವ್ ವಿನ್ಯಾಸದ ಲೇಖನ ಬರೆದರು. ಅಗಲವನ್ನು ಪಿಕ್ಸೆಲ್ ಬಿಟ್ಟು ಶೇಕಡಾದಲ್ಲಿ ಹೇಳು, ಚಿತ್ರ ತನ್ನ ಪೆಟ್ಟಿಗೆ ಮೀರದಂತೆ ನೋಡು, ಪರದೆ ಇಷ್ಟು ಕಿರಿದಾದರೆ ಅಂಕಣಗಳನ್ನು ಒಂದರ ಕೆಳಗೊಂದು ಇಡು. ಮೂರೂ ಹಳೆಯ ಸಾಮಾನುಗಳೇ. ಆಲ್ಸಾಪ್ ಹತ್ತು ವರ್ಷ ಹಿಂದೆ ತತ್ವವಾಗಿ ಹೇಳಿದ್ದನ್ನು ಮಾರ್ಕಾಟ್ ಕಸುಬಾಗಿ ಮಾಡಿಕೊಟ್ಟರು. ಮರುವರ್ಷ ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ತಾಣ ಈ ಕ್ರಮದಲ್ಲಿ ಮರುಹುಟ್ಟು ಪಡೆಯಿತು. ಇದು ಪಂಥದ ಅತ್ಯುತ್ತಮ ಗಳಿಗೆ. ಇಂದು ನಾವು ಫೋನಿನಲ್ಲಿ ಹಿಗ್ಗಿಸದೆ, ಅಡ್ಡಡ್ಡ ಎಳೆಯದೆ ಓದುತ್ತಿದ್ದರೆ ಅದಕ್ಕೆ ಮಾರ್ಕಾಟ್ ಋಣ ಸಂದಾಯವಾಗಬೇಕು.

2010ರ ಜೂನ್‌ನಲ್ಲಿ ಆ್ಯಪಲ್ ಸಫಾರಿ ಬ್ರೌಸರಿಗೆ ‘ರೀಡರ್’ ಗುಂಡಿ ಸೇರಿಸಿತು. ಒತ್ತಿದರೆ ವಿನ್ಯಾಸವೆಲ್ಲ ಮಾಯವಾಗಿ ಬರಹ ಮಾತ್ರ ಉಳಿಯುತ್ತದೆ. ಈ ಗುಂಡಿಯನ್ನು ವಿನ್ಯಾಸದ ಚರಿತ್ರೆಕಾರರು ಗಂಭೀರವಾಗಿ ತೆಗೆದುಕೊಂಡಂತಿಲ್ಲ. ನೀವು ಕಟ್ಟಿದ್ದೆಲ್ಲ ತೆಗೆಯಿರಿ, ಓದಲು ಬಿಡಿ ಎಂದು ಓದುಗ ಕೇಳುತ್ತಿದ್ದಾನೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿಮರ್ಶೆ ಬೇಕೆ?

2013ರ ಮಾರ್ಚಿನಲ್ಲಿ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ತನ್ನ ಕೆಲಸ ಮುಗಿಯಿತು ಎಂದು ಸಾರಿ ಅಂಗಡಿ ಮುಚ್ಚಿತು. ಎರಡು ತಿಂಗಳ ನಂತರ, ಮೇನಲ್ಲಿ, ಫೇಸ್‌ಬುಕ್ ‘ರಿಯಾಕ್ಟ್’ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟನ್ನು ಮುಕ್ತವಾಗಿ ಬಿಟ್ಟಿತು. ಕಾಕತಾಳೀಯವೇ ಇರಬಹುದು, ಆದರೆ ಎಂಥ ಕಾಕತಾಳೀಯ! ರಿಯಾಕ್ಟ್ ಮತ್ತು ಅದರ ಸೋದರ ಚೌಕಟ್ಟುಗಳು ಪುಟ ಎಂಬ ಕಲ್ಪನೆಯನ್ನೇ ಬದಲಿಸಿದವು. ಸರ್ವರಿನಿಂದ ಬರಹ ಬರುವುದರ ಬದಲು ಬರಹವನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಬರುತ್ತದೆ. ಓದುಗನ ಫೋನು ಅದನ್ನು ಬಿಚ್ಚಿ, ಅರಗಿಸಿ, ಆಮೇಲೆ ಪುಟ ಕಟ್ಟಿಕೊಳ್ಳಬೇಕು. ಜಿಮೇಲ್‌ನಂಥ, ಮ್ಯಾಪ್ಸ್‌ನಂಥ ಕೆಲಸದ ತಾಣಕ್ಕೆ ಇದು ಸರಿ. ಸುದ್ದಿ ಓದುವ ಪುಟಕ್ಕೆ ಯಾಕೆ ಬೇಕು ಎಂದು ಕೇಳುವ ಸಂಘಟಿತ ದನಿ ಆಗ ಇರಲಿಲ್ಲ, ಕೇಳಬೇಕಾದವರು ಬಾಗಿಲು ಹಾಕಿ ಹೋಗಿದ್ದರು. ಎಚ್‌ಟಿಟಿಪಿ ಆರ್ಕೈವ್‌ನ ಅಳತೆಯ ಪ್ರಕಾರ 2010ರ ಕೊನೆಗೆ ಮಧ್ಯಮ ಗಾತ್ರದ ಒಂದು ಪುಟ 500 ಕಿಲೋಬೈಟ್ ಆಸುಪಾಸಿನಲ್ಲಿತ್ತು. ಈಗ 2 ಮೆಗಾಬೈಟ್ ದಾಟಿದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಚಿಹ್ನೆ ಮೂರು ಬೈಟ್ ತಿಂದರೂ ಇಷ್ಟುದ್ದದ ಒಂದು ಲೇಖನ ನೂರು ಕಿಲೋಬೈಟ್ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಸಾಮಾನು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಲಕ್ಷಾಂತರ ಕನ್ನಡಿಗರ ಮೊದಲ ಬ್ರೌಸರ್ ಫೋನಿನಲ್ಲೇ ಸಿಕ್ಕಿತು. ಆದರೆ ಆರೇಳು ಸಾವಿರದ ಫೋನಿನ ಪ್ರೊಸೆಸರ್ ಅಗ್ಗದ ಡೇಟಾದಿಂದ ಚುರುಕಾಗುವುದಿಲ್ಲ. ಪುಟ ಇಳಿದ ಮೇಲೂ ಗುಂಡಿ ಒತ್ತಿದರೆ ಕೇಳದೆ ಕೂರುವ ಆ ಕ್ಷಣಗಳು ಜಾವಾಸ್ಕ್ರಿಪ್ಟ್ ಅರಗಿಸುವ ಹೊತ್ತು.

ಓದುಗನ ಕೊನೆಯ ಹಕ್ಕೂ ಸದ್ದಿಲ್ಲದೆ ಹೋಯಿತು. ವಿಯುಮ್ ಲೀ ಕನಸಿದ್ದ, ಓದುಗ ತನ್ನದೇ ಶೈಲಿಯ ಕಡತ ಇಟ್ಟುಕೊಳ್ಳುವ ಸೌಲಭ್ಯವನ್ನು ಕ್ರೋಮ್ 2014ರಲ್ಲಿ ತೆಗೆದುಹಾಕಿತು. ಬಳಸುವವರು ಕಡಿಮೆ ಎನ್ನಬಹುದು. ಬಳಸಲು ಕಲಿಸಿದವರು ಯಾರು? ಇಂದು ಎಡ್ಜ್, ಒಪೆರಾ ಎರಡೂ ಒಳಗೆ ಕ್ರೋಮ್‌ನ ಎಂಜಿನ್ನೇ. ಮಾನಕಕ್ಕಾಗಿ ಹೋರಾಡಿದವರಿಗೆ ಒಂದೇ ಕಂಪನಿಯ ಎಂಜಿನ್ ತಾನೇ ಮಾನಕವಾಗುವ ಈ ಗೆಲುವು ಬೇಕಿತ್ತೇ ಎಂದು ಕೇಳಬೇಕು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. 2017ರಲ್ಲಿ ಅಂಕಣ, ಅಡ್ಡಸಾಲುಗಳನ್ನು ಜೋಡಿಸುವ ಸಿಎಸ್‌ಎಸ್ ಗ್ರಿಡ್ ಒಂದೇ ವರ್ಷದೊಳಗೆ ಎಲ್ಲ ಮುಖ್ಯ ಬ್ರೌಸರುಗಳಿಗೂ ಬಂತು. ಸೀಗಲ್ ಕಾಣದ ಚಿತ್ರಗಳಿಂದ ಮಾಡಿದ್ದನ್ನು, ಅದಕ್ಕಿಂತ ಮಿಗಿಲಾದುದನ್ನು, ನಾಲ್ಕು ಸಾಲಿನಲ್ಲಿ ಶುದ್ಧವಾಗಿ ಮಾಡಬಹುದು. ಬ್ರೌಸರ್ ಕಂಪನಿಗಳು ಹೀಗೆ ಒಟ್ಟಾಗಿ ಹೆಜ್ಜೆ ಹಾಕುವುದು 1998ರಲ್ಲಿ ಹಗಲುಗನಸು. ಆ ಶಿಸ್ತು ತಂದದ್ದು ಈ ಪಂಥವೇ. ಅದು ಸೋತದ್ದು ವಿನ್ಯಾಸಕಾರರ ಒಳಗೆ. ವೆಬ್‌ಏಮ್ ಸಂಸ್ಥೆ 2024ರಲ್ಲಿ ಹತ್ತು ಲಕ್ಷ ತಾಣಗಳ ಮುಖಪುಟ ಪರೀಕ್ಷಿಸಿದಾಗ 95.9 ಶೇಕಡಾ ಪುಟಗಳಲ್ಲಿ ಅಂಗವಿಕಲರಿಗೆ ತೊಡಕಾಗುವ ದೋಷಗಳು ಸಿಕ್ಕವು. ತೀರ ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಖಾಲಿ ಚೌಕ ಮುಂತಾದವು. ಒಂದಕ್ಕೂ ಹೊಸ ತಂತ್ರಜ್ಞಾನ ಬೇಡ, ಎಲ್ಲಕ್ಕೂ ಇಪ್ಪತ್ತು ವರ್ಷ ಹಿಂದೆಯೇ ಪರಿಹಾರ ಇತ್ತು.

ನಮ್ಮ ತಾಣಗಳ ದೋಷ ಇನ್ನೂ ಸರಳ. ಕನ್ನಡದ ಎಷ್ಟೋ ತಾಣಗಳು ಇಂಗ್ಲಿಷಿಗೆಂದು ಕಟ್ಟಿದ ಸಿದ್ಧ ಟೆಂಪ್ಲೇಟಿನಲ್ಲಿ ಕನ್ನಡ ಸುರಿದುಕೊಂಡಿವೆ. ಶೀರ್ಷಿಕೆಗೆ ಸಾಲಿನ ಎತ್ತರ 1.2 ಎಂದಿರುತ್ತದೆ, ಪೆಟ್ಟಿಗೆ ಮೀರಿದ್ದನ್ನು ಕತ್ತರಿಸು ಎಂದೂ ಇರುತ್ತದೆ. ಇಂಗ್ಲಿಷಿನ ಜಿ, ವೈಗಳ ಬಾಲಕ್ಕೆ ಅದು ಸಾಕು. ‘ರಾಷ್ಟ್ರ’ದ ಕೆಳಗೆ ನೇತಾಡುವ ಎರಡು ಒತ್ತುಗಳಿಗೆ ಸಾಲದು. ಅರ್ಧ ಒತ್ತು ಕತ್ತರಿಸಿಹೋಗಿ, ಓದುಗ ಊಹಿಸಿಕೊಂಡು ಓದುತ್ತಾನೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದ ಶೀರ್ಷಿಕೆ ಇಂಗ್ಲಿಷಿನಲ್ಲಿ ಗಂಭೀರವಾಗಿ ಕಂಡರೆ ಕನ್ನಡದಲ್ಲಿ ಪದವೇ ಚೆದುರಿ ಕಾಣುತ್ತದೆ. ಓರೆ ಅಕ್ಷರದ ಸಂಪ್ರದಾಯ ನಮ್ಮ ಲಿಪಿಗಿಲ್ಲ, ಬ್ರೌಸರ್ ಅಕ್ಷರಗಳನ್ನು ಸುಮ್ಮನೆ ಪಕ್ಕಕ್ಕೆ ತಳ್ಳಿ ವಾಲಿಸುತ್ತದೆ. ಐದಾರು ಇಂಗ್ಲಿಷ್ ಅಕ್ಷರಗಳಿಗೆ ಅಳೆದ ಗುಂಡಿಯಿಂದ ‘ನೋಂದಾಯಿಸಿಕೊಳ್ಳಿ’ ಹೊರಗೆ ಕಾಲು ಚಾಚುತ್ತದೆ. ಇನ್ನು ಸರ್ಕಾರಿ ಪ್ರಕಟಣೆಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸುವ ಅಭ್ಯಾಸ. 1996ರಲ್ಲಿ ಗತಿಯಿಲ್ಲದೆ ಮಾಡಿದ್ದನ್ನು ಇಂದು ಉದಾಸೀನದಿಂದ ಮಾಡುತ್ತಿದ್ದಾರೆ. ಅಮೆರಿಕದ ಪಂಥದ ಕುರುಡನ್ನು ಎಷ್ಟು ಬೈದರೂ ಇವಕ್ಕೆ ಹೊಣೆ ಅವರಲ್ಲ. ಬೆಂಗಳೂರಿನಲ್ಲೇ ಕೂತು, ಕನ್ನಡ ಓದಬಲ್ಲವರೇ ಕಟ್ಟಿದ ತಾಣಗಳಿವು.

ಕನ್ನಡದ ತಾಣ ಕಟ್ಟುತ್ತಿರುವವರಲ್ಲಿ ಹೀಗಾಗಿ ಒಂದು ವಿನಂತಿ. ಬರಹವನ್ನು ಬರಹವಾಗಿಯೇ ಕಳಿಸಿ, ಚಿತ್ರವಾಗಿಯೂ ಬೇಡ, ಜಾವಾಸ್ಕ್ರಿಪ್ಟ್ ಕಟ್ಟಿಕೊಡಲಿ ಎಂದೂ ಬಿಡಬೇಡಿ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲೇ ನಮೂದಿಸಿ, ಸ್ಕ್ರೀನ್ ರೀಡರ್ ಸರಿಯಾದ ದನಿ ಆರಿಸಿಕೊಳ್ಳುವುದು ಅದನ್ನು ನೋಡಿ. ಸಾಲಿನ ಎತ್ತರವನ್ನು 1.6ಕ್ಕಿಂತ ಕೆಳಗಿಳಿಸಬೇಡಿ. ಬಿಡುಗಡೆಗೆ ಮೊದಲು ಶೀರ್ಷಿಕೆಯ ಜಾಗದಲ್ಲಿ ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಲಕ್ಷ್ಮಿ’ ಎಂದು ಬರೆದು, ಅಕ್ಷರದ ಗಾತ್ರವನ್ನು ಎರಡು ಪಟ್ಟು ಮಾಡಿ, ಅಗ್ಗದ ಫೋನೊಂದರಲ್ಲಿ ತೆರೆದು ನೋಡಿ. ಒತ್ತು ತುಂಡಾಗಿದ್ದರೆ ಸರಿಪಡಿಸಿ, ಆಮೇಲೆ ಬಿಡುಗಡೆ ಮಾಡಿ.